ಬಣ್ಣದ ಪಾಠಕ್ಕೆ ಇಬ್ಬರು ಮೇಷ್ಟ್ರು

ಪ್ರೌಢಶಾಲೆಯ ಹುಡುಗನೊಬ್ಬನನ್ನು ಕರೆದು ಮೂಲ ಬಣ್ಣಗಳು ಯಾವುವು ಎಂದು ಕೇಳಿ ನೋಡಿ. ವಿಜ್ಞಾನದ ಮೇಷ್ಟ್ರು ಹೇಳಿದ್ದು ನೆನಪಿದ್ದರೆ ಕೆಂಪು, ಹಸಿರು, ನೀಲಿ ಎನ್ನುತ್ತಾನೆ. ಡ್ರಾಯಿಂಗ್ ಮೇಷ್ಟ್ರು ಹೇಳಿದ್ದು ನೆನಪಿದ್ದರೆ ಕೆಂಪು, ಹಳದಿ, ನೀಲಿ ಎನ್ನುತ್ತಾನೆ. ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾನೆ. ಪರೀಕ್ಷೆಗೆ ಬರುವುದು ವಿಜ್ಞಾನ. ಆದ್ದರಿಂದ ಡ್ರಾಯಿಂಗ್ ಮೇಷ್ಟ್ರು ಹೇಳಿದ್ದೇ ತಪ್ಪಿರಬೇಕು ಎಂದು ಅವನು ಒಳಗೊಳಗೇ ತೀರ್ಮಾನಿಸಿಕೊಳ್ಳುವುದೂ ಉಂಟು.

ನಿಜ ಹೇಳಬೇಕೆಂದರೆ ಇಬ್ಬರೂ ಸರಿಯೇ. ಒಬ್ಬರು ಬೆಳಕಿನ ಮಾತು ಆಡುತ್ತಿದ್ದಾರೆ, ಇನ್ನೊಬ್ಬರು ಪುಡಿಯ ಮಾತು ಆಡುತ್ತಿದ್ದಾರೆ. ಈ ಎರಡರ ನಡುವಿನ ಅಂತರವನ್ನು ಯುರೋಪಿನ ಪಂಡಿತರು ಬಿಡಿಸಿ ಹೇಳುವ ಹೊತ್ತಿಗೆ ಹತ್ತೊಂಬತ್ತನೆಯ ಶತಮಾನದ ನಡುಭಾಗ ಬಂದಿತ್ತು. ಆದರೆ ಇದನ್ನು ಮಕ್ಕಳಿಗೆ ತಿಳಿಸಲು ಯುರೋಪಿಗೆ ಹೋಗಬೇಕಾಗಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸುತ್ತಮುತ್ತಲಲ್ಲೇ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಬಿದ್ದಿದೆ.

ಏಳು ಬಣ್ಣ, ಏಳು ಸ್ವರ

ಬೆಳಕಿನ ಕಥೆ ನ್ಯೂಟನ್ನನಿಂದ ಶುರುವಾಗುತ್ತದೆ. 1660ರ ದಶಕದಲ್ಲಿ, ಇನ್ನೂ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹರೆಯದಲ್ಲಿದ್ದಾಗ, ಅವನು ಕತ್ತಲೆ ಕೋಣೆಯ ಕಿಂಡಿಯೊಂದರಿಂದ ಬಿಸಿಲನ್ನು ಒಳಗೆ ಬಿಟ್ಟು ಪಟ್ಟಕದ ಮೂಲಕ ಹಾಯಿಸಿದ. ಆ ಪಟ್ಟಕವನ್ನು ಅವನು ಕೊಂಡದ್ದು ಒಂದು ಜಾತ್ರೆಯಲ್ಲಿ ಎಂದು ಪ್ರತೀತಿ ಇದೆ. ಗೋಡೆಯ ಮೇಲೆ ಬಣ್ಣದ ಪಟ್ಟಿ ಮೂಡಿತು. ಪಟ್ಟಕದಿಂದ ಬಣ್ಣ ಬರುತ್ತದೆಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು. ಗಾಜೇ ಬೆಳಕಿಗೆ ಬಣ್ಣ ಹಚ್ಚುತ್ತದೆ ಎಂಬುದು ಅಂದಿನ ನಂಬಿಕೆ. ನ್ಯೂಟನ್ ಆ ಪಟ್ಟಿಯಿಂದ ಒಂದೇ ಬಣ್ಣವನ್ನು ಆರಿಸಿ ಎರಡನೆಯ ಪಟ್ಟಕದ ಮೂಲಕ ಹಾಯಿಸಿದ. ಆ ಬಣ್ಣ ಬದಲಾಗಲಿಲ್ಲ. ಬಣ್ಣವನ್ನು ಗಾಜು ಹುಟ್ಟಿಸುವುದಿಲ್ಲ, ಬಿಳಿಯ ಬೆಳಕಿನಲ್ಲಿ ಅದು ಮೊದಲೇ ಇದೆ, ಗಾಜು ಬೇರ್ಪಡಿಸುತ್ತದೆ ಅಷ್ಟೆ ಎಂದು ಅವನು 1672ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ.

ಕಾಮನಬಿಲ್ಲಿಗೆ ಏಳೇ ಬಣ್ಣ ಏಕೆ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳಬೇಕು, ಆದರೆ ಕೇಳುವುದು ಕಡಿಮೆ. ಕಣ್ಣಿಟ್ಟು ನೋಡಿದರೆ ಅಲ್ಲಿ ಗೆರೆಗಳಿಲ್ಲ, ಒಂದು ಬಣ್ಣ ಇನ್ನೊಂದಕ್ಕೆ ಸದ್ದಿಲ್ಲದೆ ಜಾರುತ್ತದೆ. ನ್ಯೂಟನ್ ಮೊದಲು ಐದನ್ನು ಎಣಿಸಿದ್ದ. ಆಮೇಲೆ ಸಂಗೀತದ ಏಳು ಸ್ವರಗಳಿಗೆ ಹೊಂದಲೆಂದು ಕಿತ್ತಳೆ ಮತ್ತು ಊದಾನೀಲಿಗಳನ್ನು ಸೇರಿಸಿ ಏಳು ಮಾಡಿದ. ನಮ್ಮ ಮಕ್ಕಳು ಬಾಯಿಪಾಠ ಮಾಡುವ ಏಳರ ಲೆಕ್ಕ ನಿಸರ್ಗದ ಕಟ್ಟಳೆಯಲ್ಲ, ಸಪ್ತಸ್ವರದ ಮೋಹಕ್ಕೆ ಬಿದ್ದ ವಿಜ್ಞಾನಿಯೊಬ್ಬನ ಆಯ್ಕೆ.

ಬಣ್ಣಕ್ಕೆ ಹೆಸರಿಡುವುದು ಮನುಷ್ಯನ ಕೆಲಸ ಎಂಬುದಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಕಪ್ಪು, ಬಿಳಿ, ಕೆಂಪು, ಹಸಿರು ಇವು ಅಚ್ಚಗನ್ನಡದ ಮಾತುಗಳು. ಹಸಿಯಾಗಿರುವುದು ಹಸಿರು. ನೀಲಿ, ಹಳದಿಗಳು ಸಂಸ್ಕೃತದ ನೀಲ, ಹರಿದ್ರಾಗಳಿಂದ ಬಂದವು. ಒಂದು ನೀಲಿಗಿಡವನ್ನು, ಇನ್ನೊಂದು ಅರಿಸಿನವನ್ನು ನೆನಪಿಸುವ ಹೆಸರು. ಲೋಕದ ಅನೇಕ ಭಾಷೆಗಳಲ್ಲಿ ಕಪ್ಪು, ಬಿಳಿ, ಕೆಂಪುಗಳಿಗೆ ಮೊದಲು ಹೆಸರು ಹುಟ್ಟಿ, ನೀಲಿಗೆ ತಡವಾಗಿ ಹೆಸರು ಬಂತೆಂದು 1969ರಲ್ಲಿ ಬರ್ಲಿನ್ ಮತ್ತು ಕೇ ಎಂಬ ಅಮೆರಿಕದ ವಿದ್ವಾಂಸರು ವಾದಿಸಿದರು. ಕನ್ನಡ ಆ ಮಾತಿಗೆ ಹತ್ತಿರವಾಗಿಯೇ ನಿಲ್ಲುತ್ತದೆ.

ಹಳದಿಗೆ ನೀಲಿ ಕೂಡಿದರೆ

ಚಿತ್ರಗಾರನ ಅನುಭವ ಬೇರೆ. ಅವನು ಹಳದಿ ಪುಡಿಗೆ ನೀಲಿ ಪುಡಿ ಕೂಡಿಸಿದರೆ ಹಸಿರು ಬರುತ್ತದೆ. ಆದರೆ ಹಳದಿ ಬೆಳಕಿನ ಮೇಲೆ ನೀಲಿ ಬೆಳಕನ್ನು ಬೀಳಿಸಿದರೆ ಹಸಿರು ಬರುವುದಿಲ್ಲ, ಬಿಳಿಯಂತೆ ಕಾಣುತ್ತದೆ. ಈ ಒಗಟನ್ನು 1852ರಲ್ಲಿ ಬಿಡಿಸಿದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಬೆಳಕಿಗೆ ಬೆಳಕು ಸೇರಿದಾಗ ಅದು ಕೂಡುವ ಲೆಕ್ಕ. ಪುಡಿಗೆ ಪುಡಿ ಸೇರಿದಾಗ ಕಳೆಯುವ ಲೆಕ್ಕ. ನೀಲಿ ಪುಡಿ ಕೆಂಪನ್ನೂ ಹಳದಿಯನ್ನೂ ನುಂಗುತ್ತದೆ, ಹಳದಿ ಪುಡಿ ನೀಲಿಯನ್ನು ನುಂಗುತ್ತದೆ. ಎರಡೂ ನುಂಗದೆ ಬಿಟ್ಟದ್ದು ಹಸಿರು ಮಾತ್ರ. ಅದೇ ನಮ್ಮ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಬಹಳ ಸರಳವಾದ ಸಲಕರಣೆಯೊಂದನ್ನು ಬಳಸಿದವನು ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್. ಬಣ್ಣದ ಕಾಗದದ ಬಿಲ್ಲೆಗಳನ್ನು ಬುಗುರಿಯ ಮೇಲೆ ಕೂರಿಸಿ ತಿರುಗಿಸಿ, ಕಣ್ಣಿಗೆ ಯಾವ ಬಣ್ಣ ಕಾಣುತ್ತದೆಂದು ಅಳೆದು, 1855ರಲ್ಲಿ ಪ್ರಬಂಧ ಬರೆದ. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಕೆಂಪು ಹಸಿರು ಬಿಲ್ಲೆಗಳು ವೇಗವಾಗಿ ತಿರುಗಿದಾಗ ಮಂಕಾದ ಹಳದಿ ಕಾಣುತ್ತದೆ. ಅದೇ ಕೆಂಪು ಹಸಿರುಗಳನ್ನು ಬಟ್ಟಲಲ್ಲಿ ಕಲಸಿದರೆ ಕೆಸರಿನಂಥ ಕಂದು. ಕುಣಿಗಲ್ಲಿಗೆ ದೂರವಲ್ಲದ ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಚ್ಚಿದ ಬುಗುರಿಗಳು ಇಂದಿಗೂ ಸಿಗುತ್ತವೆ. ಮ್ಯಾಕ್ಸ್‌ವೆಲ್ಲನ ಪ್ರಯೋಗಶಾಲೆಯನ್ನು ಒಂದು ಮಗು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಬರಬಹುದು.

ಮುದ್ರಣದ ಕಡೆಯ ಉದಾಹರಣೆ ಓದುಗರ ಕೈಯಲ್ಲೇ ಇದೆ. ಪತ್ರಿಕೆಯಲ್ಲಿ ಅಚ್ಚಾದ ಯಾವುದೇ ಬಣ್ಣದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ. ಹಸಿರು ಎಲೆಯಲ್ಲಿ ಹಸಿರೇ ಇರುವುದಿಲ್ಲ. ತಿಳಿನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಚುಕ್ಕೆಗಳಷ್ಟೇ ಇರುತ್ತವೆ. ಡ್ರಾಯಿಂಗ್ ಮೇಷ್ಟ್ರ ಕೆಂಪು ಹಳದಿ ನೀಲಿಗಳ ತಿದ್ದಿದ ರೂಪವೇ ಈ ಶಾಯಿಗಳು. ಇನ್ನು ಟಿ.ವಿ.ಯ ಪರದೆಯನ್ನು ಅದೇ ಕನ್ನಡಿಯಲ್ಲಿ ನೋಡಿದರೆ ಕಾಣುವುದು ಕೆಂಪು, ಹಸಿರು, ನೀಲಿ. ಅದು ವಿಜ್ಞಾನದ ಮೇಷ್ಟ್ರ ಪಾಠ. ಒಂದೇ ಭೂತಗನ್ನಡಿಯಿಂದ ಇಬ್ಬರ ಜಗಳವೂ ತೀರಿತು.

ಗುಬ್ಬಿಯ ರಂಗದ ಮೇಲೆ

ಪುಡಿಯ ಬಣ್ಣ ಮತ್ತು ಬೆಳಕಿನ ಬಣ್ಣ ಎರಡೂ ಒಂದೇ ಜಾಗದಲ್ಲಿ ಸಂಧಿಸುವುದು ನಾಟಕದ ರಂಗದ ಮೇಲೆ. ಈ ವಿಷಯದಲ್ಲಿ ಗುಬ್ಬಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ಗುಬ್ಬಿ ವೀರಣ್ಣನವರ (1891-1972) ಕೈಯಲ್ಲಿ ಕರ್ನಾಟಕದ ಮನೆಮಾತಾಯಿತು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಮೊದಲಾದವರು ಎಳೆಯ ವಯಸ್ಸಿನಲ್ಲೇ ಈ ಕಂಪನಿಯ ಅನ್ನ ಉಂಡು ಕೆಲಸ ಕಲಿತವರು. ಹಾಗೆ ನೋಡಿದರೆ ಹದಿಹರೆಯದವರಿಗೆ ಬಣ್ಣದ ಪಾಠ ಹೇಳಿದ ದೊಡ್ಡ ಶಾಲೆ ಅದು. ಪಠ್ಯಪುಸ್ತಕವೊಂದು ಇರಲಿಲ್ಲ ಅಷ್ಟೆ.

ಕಂಪನಿ ನಾಟಕಗಳ ಪರದೆಗಳನ್ನು ಹಿರಿಯ ಓದುಗರು ಮರೆತಿರಲಾರರು. ಬೀದಿಯ ಪರದೆ, ಕಾಡಿನ ಪರದೆ, ದರ್ಬಾರಿನ ಪರದೆ. ಪಾರ್ಸಿ ಕಂಪನಿಗಳ ಪ್ರಭಾವದಿಂದ ಬಂದ ಈ ಪದ್ಧತಿಯಲ್ಲಿ ಚಪ್ಪಟೆ ಬಟ್ಟೆಯ ಮೇಲೆ ದೂರದ ಅರಮನೆಯ ಕಂಬಸಾಲನ್ನು ತೋರಿಸಬೇಕಿತ್ತು. ಹತ್ತಿರದ್ದಕ್ಕೆ ಗಾಢವಾದ ಬೆಚ್ಚನೆಯ ಬಣ್ಣ, ದೂರದ್ದಕ್ಕೆ ತಿಳಿಯಾದ ನೀಲಿ ಛಾಯೆ ಎಂಬುದು ಚಿತ್ರಗಾರರ ಸೂತ್ರ. ದೂರದ ಬೆಟ್ಟ ನೀಲಿಯಾಗಿ ಕಾಣುವುದು ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದರಿಂದ. ತುಮಕೂರಿನಿಂದ ದೇವರಾಯನದುರ್ಗದ ಕಡೆ ಬೆಳಗಿನಲ್ಲಿ ನೋಡಿದವರಿಗೆ ಇದು ಹೊಸದಲ್ಲ. ಆಕಾಶ ನೀಲಿಯಾಗಿರುವುದಕ್ಕೂ ಅದೇ ಕಾರಣ.

ಪರದೆಯ ಮುಂದೆ ನಿಂತ ನಟನ ಮುಖಕ್ಕೂ ಒಂದು ರಸಾಯನಶಾಸ್ತ್ರವಿತ್ತು. ನಮ್ಮ ಬಯಲಾಟ, ಯಕ್ಷಗಾನಗಳ ಬಣ್ಣದ ಪೆಟ್ಟಿಗೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇತು, ಕಪ್ಪಿಗೆ ಕಾಡಿಗೆ ಇರುತ್ತಿದ್ದವು. ಅರದಾಳ ಎಂದರೆ ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ಇಂಗಳೀಕ ಎಂದರೆ ಪಾದರಸ ಮತ್ತು ಗಂಧಕದ ಸಂಯುಕ್ತ. ಎರಡೂ ವಿಷವೇ. ರಾಜಗಾಂಭೀರ್ಯದ ಆ ಹೊಳಪಿಗೆ ಕಲಾವಿದರ ಚರ್ಮ ಬೆಲೆ ತೆರುತ್ತಿತ್ತು. ಬಣ್ಣದ ಪಾಠದಲ್ಲಿ ಈ ಮಾತನ್ನೂ ಮಕ್ಕಳಿಗೆ ಹೇಳಬೇಕು.

ಇನ್ನು ಬೆಳಕು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದೇ 1905ರಲ್ಲಿ. ಊರೂರು ತಿರುಗುವ ತಂಡಗಳು ಬಹುಕಾಲ ಎಣ್ಣೆ ದೀಪ, ಗ್ಯಾಸ್ ಲೈಟುಗಳನ್ನೇ ನಂಬಿದ್ದವು. ಎಣ್ಣೆ ದೀಪದ ಬೆಳಕಿನಲ್ಲಿ ಹಳದಿ ಕೆಂಪುಗಳ ಪಾಲು ಹೆಚ್ಚು, ನೀಲಿಯ ಪಾಲು ತೀರ ಕಡಿಮೆ. ಅಂಥ ಬೆಳಕಿನಲ್ಲಿ ನೀಲಿ ಮಂಕಾಗಿ ಕಪ್ಪಿಗೆ ತಿರುಗುತ್ತದೆ, ಕೆಂಪು ಉರಿಯುತ್ತದೆ. ಹಗಲಲ್ಲಿ ಕಣ್ಣಿಗೆ ಹೊಡೆಯುವಂತಿರುವ ಮುಖವರ್ಣಿಕೆ ರಾತ್ರಿ ಸರಿಯಾಗಿ ಕಾಣುವುದರ ಗುಟ್ಟು ಇದು. ಮುಂದೆ ಬಣ್ಣದ ಬೆಳಕು ಬಂದ ಮೇಲೆ ಇನ್ನೊಂದು ಆಟ ಸಾಧ್ಯವಾಯಿತು. ಕೆಂಪು ದೀಪದ ಕೆಳಗೆ ಹಸಿರು ಸೀರೆ ಕಪ್ಪಾಗುತ್ತದೆ. ಹಸಿರು ಬಟ್ಟೆ ಹಿಂದಿರುಗಿಸಬಹುದಾದ ಹಸಿರು ಬೆಳಕು ಆ ದೀಪದಲ್ಲಿ ಇಲ್ಲವೇ ಇಲ್ಲ. ಕೂಡುವ ಲೆಕ್ಕ, ಕಳೆಯುವ ಲೆಕ್ಕ ಎರಡನ್ನೂ ಒಟ್ಟಿಗೆ ತೋರಿಸುವ ಇಂಥ ಪ್ರಯೋಗ ಇನ್ನೊಂದಿಲ್ಲ. ಅದಕ್ಕೆ ಬೇಕಾದದ್ದು ಒಂದು ಟಾರ್ಚು, ಕೆಂಪು ಗಾಜಿನ ಕಾಗದ ಮತ್ತು ಕತ್ತಲೆ ಕೋಣೆ.

ಕುಣಿಗಲ್ಲಿನ ಗೂಡು

ಕುಣಿಗಲ್ ಎಂದೊಡನೆ ಕೆರೆ, ಕುದುರೆ ಫಾರಂ ನೆನಪಾಗುತ್ತವೆ. ಬಣ್ಣದ ಪಾಠಕ್ಕೆ ನಮಗೆ ಬೇಕಾದದ್ದು ರೇಷ್ಮೆ. ಕುಣಿಗಲ್ ಮತ್ತು ಮಾಗಡಿ ಪ್ರದೇಶ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದದ್ದು. ಈ ತಳಿಯ ಗೂಡಿಗೆ ಹಸಿರು ಛಾಯೆಯ ಹಳದಿ ಬಣ್ಣ. ಹುಳು ತಿನ್ನುವುದು ಹಿಪ್ಪುನೇರಳೆಯ ಹಸಿರು ಸೊಪ್ಪು. ಗೂಡಿಗೆ ಹಳದಿ ಎಲ್ಲಿಂದ ಬಂತು?

ಹಸಿರು ಸೊಪ್ಪಿನಲ್ಲಿ ಹಳದಿಯೂ ಅಡಗಿದೆ ಎಂಬುದೇ ಉತ್ತರ. ಎಲೆಯ ಹಸಿರಿನ ಮರೆಯಲ್ಲಿ ಕ್ಯಾರೊಟಿನಾಯ್ಡ್ ಎಂಬ ಹಳದಿ ವರ್ಣಕಗಳಿರುತ್ತವೆ. ಹಣ್ಣೆಲೆ ಹಳದಿಯಾಗುವುದು ಹಸಿರು ಕಳಚಿ ಇವು ಹೊರಗೆ ಕಾಣುವುದರಿಂದಲೇ. ಬಣ್ಣದ ಗೂಡಿನ ತಳಿಗಳಲ್ಲಿ ಇಂಥ ವರ್ಣಕಗಳು ಹುಳುವಿನ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆಯ ಗ್ರಂಥಿಗೆ ಹೋಗಿ ಸೇರುತ್ತವೆ. ಬಿಳಿ ಗೂಡಿನ ತಳಿಗಳಲ್ಲಿ ಆ ದಾರಿ ಮುಚ್ಚಿರುತ್ತದೆ. ಸೊಪ್ಪು ಒಂದೇ ಆದರೂ ಗೂಡು ಬೇರೆ.

ಶುದ್ಧ ಮೈಸೂರು ತಳಿಯನ್ನು ಬಿಳಿ ಗೂಡಿನ ದ್ವಿತಳಿಯೊಡನೆ ಕೂಡಿಸಿದಾಗ ಬರುವ ಮಿಶ್ರತಳಿಯ ಗೂಡುಗಳು ಹಳದಿ. ಬಿಳಿ ಎಲ್ಲಿ ಹೋಯಿತು? ಅದು ಒಳಗೆ ಅಡಗಿದೆ, ಮುಂದಿನ ಪೀಳಿಗೆಯಲ್ಲಿ ತಲೆ ಎತ್ತಬಲ್ಲದು. ಹತ್ತನೆಯ ತರಗತಿಯ ಮಕ್ಕಳು ಬಟಾಣಿ ಗಿಡದ ಚಿತ್ರ ಬರೆದು ಕಲಿಯುವ ಮೆಂಡಲನ ನಿಯಮವೂ ಇದನ್ನೇ ಹೇಳುತ್ತದೆ. ಆ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ತೋರಿಸಿಕೊಟ್ಟ ಮೊದಲಿಗರಲ್ಲಿ ಜಪಾನಿನ ತೊಯಾಮಾ ಕಾಮೆತಾರೊ ಒಬ್ಬ. 1906ರ ಅವನ ಪ್ರಬಂಧಕ್ಕೆ ಆಧಾರವಾದ ಗುಣಗಳಲ್ಲಿ ರೇಷ್ಮೆಗೂಡಿನ ಬಣ್ಣವೂ ಸೇರಿತ್ತು. ಚಂದ್ರಿಕೆಯಲ್ಲಿ ಹಣ್ಣುಹುಳು ಬಿಡುವ ಮನೆಯ ಹುಡುಗಿಗೆ ಈ ಪಾಠಕ್ಕೆ ಬಟಾಣಿ ಏಕೆ ಬೇಕು?

ನೂಲಿನ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಗೂಡಿನ ಹಳದಿ ಇರುವುದು ಬಹುಮಟ್ಟಿಗೆ ಎಳೆಯ ಹೊರಗಿನ ಅಂಟಿನಲ್ಲಿ. ಸೋಪಿನ ನೀರಿನಲ್ಲಿ ಕುದಿಸಿದಾಗ ಆ ಅಂಟು ಹೋಗುತ್ತದೆ, ತೂಕ ಸುಮಾರು ಕಾಲುಭಾಗ ಇಳಿಯುತ್ತದೆ, ನೂಲು ಬೆಳ್ಳಗಾಗುತ್ತದೆ. ಸೀರೆಯ ಬಣ್ಣ ಅನಂತರ ಬರುವುದು. ಆ ಬಣ್ಣದ ಚರಿತ್ರೆಯಲ್ಲೂ ಒಬ್ಬ ಹುಡುಗನಿದ್ದಾನೆ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ರಜದ ದಿನಗಳಲ್ಲಿ ಮನೆಯಲ್ಲೇ ಡಾಂಬರಿನ ಪದಾರ್ಥಗಳಿಂದ ಮಲೇರಿಯಾದ ಔಷಧಿ ಕ್ವಿನೈನ್ ಮಾಡಲು ಹೊರಟು, ಕೈಗೆ ಬಂದ ಕಪ್ಪು ಗಷ್ಟನ್ನು ಚೆಲ್ಲದೆ ಪರೀಕ್ಷಿಸಿದ. ರೇಷ್ಮೆಗೆ ಹಿಡಿಯುವ ಸೊಗಸಾದ ನೇರಳೆ ಬಣ್ಣ ಸಿಕ್ಕಿತು. ಆಗ ಅವನ ವಯಸ್ಸು ಹದಿನೆಂಟು. ಕೃತಕ ಬಣ್ಣಗಳ ಉದ್ಯಮ ಬೆಳೆದದ್ದು ಅಲ್ಲಿಂದ.

ಹೊಲ, ತೋಟ, ಅಡಿಗೆಮನೆ

ಪ್ರಯೋಗಶಾಲೆ ಇಲ್ಲವೆಂದು ಕೊರಗುವ ಶಾಲೆಗಳಿಗೆ ಅಡಿಗೆಮನೆ ಸಾಕು. ಆರತಿಗೆ ಮಾಡುವ ಓಕುಳಿ ಅರಿಸಿನಕ್ಕೆ ಸುಣ್ಣ ಬೆರೆತು ಕೆಂಪಾದ ನೀರು. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅರಿಸಿನದ ವರ್ಣಕ ಕ್ಷಾರದಲ್ಲಿ ಒಂದು ರೂಪ, ಆಮ್ಲದಲ್ಲಿ ಇನ್ನೊಂದು ರೂಪ ತಾಳುತ್ತದೆ. ಅರಿಸಿನದ ಕಲೆಗೆ ಸೋಪು ಹಚ್ಚಿದಾಗ ಅದು ಕೆಂಪಾಗುವುದನ್ನು ಬಟ್ಟೆ ಒಗೆಯುವ ಪ್ರತಿ ತಾಯಿಯೂ ಕಂಡಿದ್ದಾಳೆ. ಗುಬ್ಬಿ ಸೀಮೆಯ ತೋಟಗಳ ಅಡಿಕೆಯನ್ನು ಬೇಯಿಸಿ ಚೊಗರು ಹಚ್ಚಿದಾಗ ಬರುವ ಕೆಂಪು, ತಾಂಬೂಲಕ್ಕೆ ಸುಣ್ಣ ತಾಕಿದೊಡನೆ ಬಾಯಲ್ಲಿ ಏಳುವ ಕೆಂಪು, ಎರಡೂ ಅಡಿಕೆಯ ಒಗರಿನ ಅಂಶದಿಂದ ಬಂದವು.

ನೆಲದಲ್ಲೂ ಬಣ್ಣವಿದೆ. ಚಿಕ್ಕನಾಯಕನಹಳ್ಳಿ, ಗುಬ್ಬಿಗಳ ಕಬ್ಬಿಣದ ಅದಿರಿಗೂ ದೇವಸ್ಥಾನದ ಗೋಡೆಯ ಕೆಮ್ಮಣ್ಣಿನ ಪಟ್ಟೆಗೂ ನಂಟುಂಟು. ಎರಡರಲ್ಲೂ ಇರುವುದು ತುಕ್ಕಿನ ಬಳಗದ ಕಬ್ಬಿಣವೇ. ಹಳದಿ ಮಣ್ಣನ್ನು ಬೆಂಕಿಯಲ್ಲಿ ಕಾಯಿಸಿದರೆ ಅದರೊಳಗಿನ ನೀರಿನ ಅಂಶ ಹೋಗಿ ಕೆಂಪಾಗುತ್ತದೆ. ತುಮಕೂರಿನಿಂದ ಶಿರಾ ದಾರಿಯಲ್ಲಿರುವ ಸೀಬಿಯ ನರಸಿಂಹ ದೇವಸ್ಥಾನಕ್ಕೆ ಮಕ್ಕಳನ್ನು ಕರೆದೊಯ್ದರೆ ಇಂಥ ಪಾಠಕ್ಕೆ ಒಂದು ದೊಡ್ಡ ಭಿತ್ತಿಯೇ ಸಿಗುತ್ತದೆ. ಟಿಪ್ಪುವಿನ ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನ ಮಕ್ಕಳಾದ ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಕಟ್ಟಿಸಿದರೆನ್ನುವ ಆ ಗುಡಿಯ ಮಂಟಪದ ಒಳಛಾವಣಿಯಲ್ಲಿ ಪುರಾಣದ ಕಥೆಗಳೂ ದರ್ಬಾರಿನ ದೃಶ್ಯಗಳೂ ಬಣ್ಣದಲ್ಲಿವೆ. ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರು ಬಾಹ್ಯರೇಖೆ ಬರೆಯಲು ಬಳಸುತ್ತಿದ್ದದ್ದು ಹುಣಸೆಕಡ್ಡಿಯನ್ನು ಸುಟ್ಟ ಇದ್ದಿಲು. ತುಮಕೂರು ಸೀಮೆಯಲ್ಲಿ ಹುಣಸೆಗೆ ಬರವೇ?

ಇಂಥ ನೋಟಕ್ಕೆ ನಮ್ಮಲ್ಲಿ ದೊಡ್ಡ ಮಾದರಿಯೂ ಇದೆ. ಸಿ.ವಿ. ರಾಮನ್ ಅವರ ಮೊದಲ ಪ್ರಬಂಧ, ಅದೂ ಬೆಳಕಿನ ಮೇಲೆಯೇ, 1906ರಲ್ಲಿ ಅವರ ಹದಿನೆಂಟನೆಯ ವಯಸ್ಸಿನಲ್ಲಿ ಪ್ರಕಟವಾಯಿತು. 1930ರಲ್ಲಿ ನೊಬೆಲ್ ಬಂದು, ಬೆಂಗಳೂರಿನಲ್ಲಿ ತಮ್ಮದೇ ಸಂಸ್ಥೆ ಕಟ್ಟಿ, ಎಪ್ಪತ್ತು ದಾಟಿದ ಮೇಲೂ ಅವರು ಹೂವು, ಹರಳುಗಳನ್ನು ಹಿಡಿದು ಅವುಗಳ ಬಣ್ಣವನ್ನು ಬಿಡಿಸಿ ನೋಡುತ್ತಿದ್ದರು. ದೃಷ್ಟಿಯ ಬಗ್ಗೆ ಅವರು ಹೇಳಿದ್ದನ್ನೆಲ್ಲ ಅನಂತರದ ವಿಜ್ಞಾನ ಒಪ್ಪಲಿಲ್ಲ. ಆದರೆ ತೋಟದ ಹೂವೂ ಸಂಶೋಧನೆಗೆ ಯೋಗ್ಯವಾದ ವಸ್ತು ಎಂದು ತೋರಿಸಿದ ಅವರ ದಾರಿ ಶಾಲೆಗೆ ಇಂದೂ ಬೇಕಾದದ್ದೇ.

ತರಗತಿಯಲ್ಲಿ ಒಬ್ಬ

ಇಷ್ಟೆಲ್ಲ ಏಕೆ, ಡ್ರಾಯಿಂಗ್ ಎಂದರೆ ಹೊತ್ತು ಕಳೆಯುವ ವಿಷಯ ತಾನೆ ಎನ್ನುವವರಿದ್ದಾರೆ. ಮೈಸೂರಿನಲ್ಲಿ 1906ರಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಬಿದ್ದಾಗ ಚಿತ್ರ ಬರೆಯುವುದು, ಕೆತ್ತುವುದು ಜೀವನೋಪಾಯದ ವಿದ್ಯೆಗಳೆಂದು ಅರಸರು ಎಣಿಸಿದ್ದರು. ಡ್ರಾಯಿಂಗಿನ ಲೋವರ್, ಹೈಯರ್ ಪರೀಕ್ಷೆಗಳಿಗೆ ಕೂತ ತಲೆಮಾರುಗಳೇ ಇವೆ. ಆದರೆ ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಡ್ರಾಯಿಂಗ್ ಪೀರಿಯಡ್ಡು ಗಣಿತಕ್ಕೆ ದಾನವಾಗುವುದು ನಮ್ಮ ಶಾಲೆಗಳ ಹಳೆಯ ಚಾಳಿ. ಆ ದಾನದಲ್ಲಿ ಕಳೆದುಹೋಗುವುದು ಚಿತ್ರ ಮಾತ್ರವಲ್ಲ ಎಂಬುದಕ್ಕೆ ಒಂದು ನಿದರ್ಶನ ಸಾಕು.

ಅಣುವಾದದ ಜಾನ್ ಡಾಲ್ಟನ್ನನ ಹೆಸರು ಎಂಟನೆಯ ತರಗತಿ ದಾಟಿದ ಯಾರಿಗೂ ಹೊಸದಲ್ಲ. ಹಗಲಿನಲ್ಲಿ ತನಗೆ ನೀಲಿಯಾಗಿ ಕಂಡ ಹೂವೊಂದು ಮೇಣದಬತ್ತಿಯ ಬೆಳಕಿನಲ್ಲಿ ಪೂರಾ ಬೇರೆಯಾಗಿ ಕಂಡದ್ದು, ಇತರರಿಗೆ ಹಾಗೆ ಕಾಣದಿದ್ದದ್ದು ಅವನನ್ನು ಚಕಿತಗೊಳಿಸಿತು. ತನ್ನ ಕಣ್ಣೇ ಬೇರೆ ಬಗೆಯದೆಂದು ಅವನು ಅರಿತದ್ದು ಇಪ್ಪತ್ತೈದು ದಾಟಿದ ಮೇಲೆ. 1794ರಲ್ಲಿ ಅದನ್ನು ಪ್ರಬಂಧವಾಗಿ ಓದಿದ. ತಾನು ಸತ್ತ ಮೇಲೆ ಕಣ್ಣುಗಳನ್ನು ಪರೀಕ್ಷಿಸಬೇಕೆಂದು ಹೇಳಿಯೂ ಹೋದ. ಹಾಗೆ ಉಳಿದಿದ್ದ ಅಂಗಾಂಶದ ಡಿ.ಎನ್.ಎ. ಪರೀಕ್ಷೆ 1995ರಲ್ಲಿ ನಡೆದು, ಹಸಿರನ್ನು ಗ್ರಹಿಸುವ ವರ್ಣಕ ಅವನ ಕಣ್ಣಿನಲ್ಲಿ ಇರಲಿಲ್ಲವೆಂದು ತಿಳಿಯಿತು.

ಕೆಂಪು ಹಸಿರುಗಳ ನಡುವೆ ಗೊಂದಲಪಡುವ ಈ ದೃಷ್ಟಿಭೇದ ಯುರೋಪು ಮೂಲದ ಗಂಡಸರಲ್ಲಿ ಶೇಕಡಾ 8ರಷ್ಟು, ಹೆಂಗಸರಲ್ಲಿ ಶೇಕಡಾ ಅರ್ಧದಷ್ಟು ಇದೆ. ನಮ್ಮಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆ. ಆದರೂ ನಲವತ್ತು ಹುಡುಗರ ತರಗತಿಯಲ್ಲಿ ಅಂಥವನೊಬ್ಬ ಇದ್ದರೆ ಆಶ್ಚರ್ಯವಿಲ್ಲ. ಇದು ತಾಯಿಯ ಮೂಲಕ ಮಗನಿಗೆ ಬರುವ ಗುಣ, ಯಾರ ತಪ್ಪೂ ಅಲ್ಲ. ಹುಟ್ಟಿನಿಂದ ಹಾಗೆಯೇ ನೋಡಿದವನಿಗೆ ತನ್ನ ನೋಟ ಬೇರೆ ಎಂಬುದು ತಿಳಿಯುವುದೇ ಇಲ್ಲ.

1880ರ ದಶಕದಲ್ಲಿ ತುಮಕೂರಿಗೂ ಗುಬ್ಬಿಗೂ ರೈಲು ಬಂತು. ಅದಕ್ಕೆ ಕೆಲವೇ ವರ್ಷ ಮೊದಲು, 1875ರಲ್ಲಿ, ಸ್ವೀಡನ್ನಿನ ಲಾಗರ್‌ಲುಂಡಾ ಎಂಬಲ್ಲಿ ಎರಡು ರೈಲುಗಳು ಡಿಕ್ಕಿ ಹೊಡೆದವು. ನಿಶಾನೆಯ ಬಣ್ಣ ಗುರುತಿಸಲಾಗದ ನೌಕರನೇ ಕಾರಣವಿರಬೇಕೆಂದು ಹೋಮ್‌ಗ್ರೆನ್ ಎಂಬ ವೈದ್ಯ ವಾದಿಸಿ, ಬಣ್ಣದ ಉಣ್ಣೆಯ ಲಡಿಗಳನ್ನು ಹೊಂದಿಸುವ ಪರೀಕ್ಷೆಯೊಂದನ್ನು ರೂಪಿಸಿದ. ಅವನ ವಾದವನ್ನು ಇತಿಹಾಸಕಾರರು ಈಗ ಪೂರ್ತಿ ಒಪ್ಪುವುದಿಲ್ಲ. ಆದರೆ ರೈಲ್ವೆಗೆ ಸೇರುವವರ ಬಣ್ಣದ ಪರೀಕ್ಷೆ ಲೋಕದ ತುಂಬ ಹಬ್ಬಿತು. ಇಂದಿಗೂ ರೈಲು ಚಾಲಕನಾಗಬಯಸುವವನು ಬಣ್ಣದ ಚುಕ್ಕೆಗಳ ನಡುವೆ ಅಂಕಿ ಓದಿ ತೋರಿಸಬೇಕು.

ಕಷ್ಟವಿರುವುದು ಇಲ್ಲಿ. ಬಡವರ ಮನೆಯ ಹುಡುಗ ಸಾಲ ಮಾಡಿ ಓದಿ, ಲಿಖಿತ ಪರೀಕ್ಷೆ ಗೆದ್ದು, ಕೊನೆಯ ವೈದ್ಯಕೀಯ ಪರೀಕ್ಷೆಯ ದಿನ ಮೊದಲ ಸಲ ಈ ಸಂಗತಿ ತಿಳಿದರೆ ಅವನ ಪಾಡೇನು? ಅದೇ ಹುಡುಗ ಹದಿಮೂರನೆಯ ವಯಸ್ಸಿನಲ್ಲಿ ಮಾವಿನೆಲೆಗೆ ಕಂದು ಬಳಿದಾಗ ಡ್ರಾಯಿಂಗ್ ಮೇಷ್ಟ್ರು ಗದರಿಸದೆ, ವಿಜ್ಞಾನದ ಮೇಷ್ಟ್ರನ್ನು ಕರೆದು ತೋರಿಸಿದ್ದರೆ ಅವನು ತನ್ನ ದಾರಿಯನ್ನು ಮೊದಲೇ ನೋಡಿಕೊಳ್ಳುತ್ತಿದ್ದ. ದಾರಿಗಳೂ ಈಗ ಮುಂಚಿನಷ್ಟು ಮುಚ್ಚಿಲ್ಲ. ಅಲ್ಪ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ ವಾಹನ ಚಾಲನೆಯ ಲೈಸೆನ್ಸ್ ಸಿಗುವಂತೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಪುಣೆಯ ಚಲನಚಿತ್ರ ತರಬೇತಿ ಸಂಸ್ಥೆ ಇಂಥ ಅಭ್ಯರ್ಥಿಗಳನ್ನು ಹೊರಗಿಡಬಾರದೆಂದು 2022ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಲೆಗೆ ಒಂದೇ ಬಗೆಯ ಕಣ್ಣು ಬೇಕೆಂಬ ನಿಯಮವಿಲ್ಲ.

ಆದ್ದರಿಂದ ಬಣ್ಣದ ಪಾಠವನ್ನು ವರ್ಷಕ್ಕೆ ನಾಲ್ಕೈದು ಪೀರಿಯಡ್ಡಿನ ಮಟ್ಟಿಗಾದರೂ ಇಬ್ಬರು ಮೇಷ್ಟ್ರೂ ಒಂದೇ ಕೋಣೆಯಲ್ಲಿ ನಿಂತು ಹೇಳುವುದು ಒಳ್ಳೆಯದು. ಒಬ್ಬರ ಕೈಯಲ್ಲಿ ಪಟ್ಟಕ, ಇಲ್ಲವಾದರೆ ನೀರಿನ ತಟ್ಟೆಯಲ್ಲಿ ಓರೆಯಾಗಿಟ್ಟ ಕನ್ನಡಿ. ಇನ್ನೊಬ್ಬರ ಕೈಯಲ್ಲಿ ಕುಂಚ. ಮಕ್ಕಳ ಕೈಯಲ್ಲಿ ಅರಿಸಿನ, ಸುಣ್ಣ, ಕೆಮ್ಮಣ್ಣು, ಒಂದು ಹಳದಿ ಗೂಡು, ಒಂದು ಬುಗುರಿ. ಇದಕ್ಕೆ ಇಲಾಖೆಯ ಅನುದಾನ ಕಾಯಬೇಕಾಗಿಲ್ಲ. ಕೇಳುವ ಪ್ರಶ್ನೆ ಒಂದೇ ಇರಲಿ: ನಿನಗೆ ಇದು ಯಾವ ಬಣ್ಣವಾಗಿ ಕಾಣುತ್ತದೆ? ಉತ್ತರ ಬೇರೆಯಾಗಿ ಬಂದ ಮಗುವಿನ ಹತ್ತಿರ ಮೇಷ್ಟ್ರಿಬ್ಬರೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲಿ.